ನನ್ನ ಕರುಳೂ ಕೊಂಡ್ಲಹಳ್ಳಿಯ ಕುಂಕುಮವೂ

ಜೀರ್ಣಾಂಗದ ಪಾಠವನ್ನು ನಾನು ಚೆನ್ನಾಗಿ ಮಾಡುತ್ತೇನೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಮೊಳಕಾಲ್ಮೂರಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಸಣ್ಣಕರುಳನ್ನು ಬೋರ್ಡಿನ ಮೇಲೆ ಕೈ ಎತ್ತದೆ ಒಂದೇ ಎಳೆತದಲ್ಲಿ ಬಿಡಿಸಬಲ್ಲೆ. ಅದರ ಒಳಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಕೂತಿರುವ ವಿಶೇಷ ಕೋಶಗಳನ್ನು ಹಳದಿ ಸೀಮೆಸುಣ್ಣದಲ್ಲಿ ತೋರಿಸಿ, ಊಟ ಬಂದು ಒತ್ತಿದಾಗ ಅವು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೇಗೆ ಬಿಡುತ್ತವೆ, ಅದು ನರಗಳಿಗೆ ಹೇಗೆ ಸುದ್ದಿ ಮುಟ್ಟಿಸುತ್ತದೆ, ಸುದ್ದಿ ಮುಟ್ಟಿದ ಮೇಲೆ ಅಕ್ಕಪಕ್ಕದ ಕೋಶಗಳು ಅದನ್ನು ಹೇಗೆ ಹೀರಿಕೊಂಡು ಜಾಗ ಖಾಲಿ ಮಾಡುತ್ತವೆ ಎಂದು ವಿವರಿಸಬಲ್ಲೆ. ಆದರೆ ಸ್ವಂತ ಕರುಳಿನ ವಿಷಯವನ್ನು ಒಬ್ಬ ವೈದ್ಯರಿಗೆ ಬಿಟ್ಟು ಇನ್ಯಾರಿಗೂ ಹೇಳಿದವಳಲ್ಲ. ವೈದ್ಯರಿಗೂ ಇಂಗ್ಲಿಷಿನಲ್ಲೇ ಹೇಳಿದ್ದೆ. ಕನ್ನಡದಲ್ಲಿ ಹೇಳಿದರೆ ಅದು ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತದೇನೋ ಎಂಬ ಭಯ.

ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಹುಣ್ಣಿಲ್ಲ, ಹುಳುವಿಲ್ಲ, ಸೋಂಕಿಲ್ಲ. ಕರುಳು ನೋಡಲು ಆರೋಗ್ಯವಾಗಿದೆ, ಆದರೆ ಸಿಟ್ಟಿನ ಸ್ವಭಾವದ್ದು ಎಂದರು ವೈದ್ಯರು. ಬೇರೆಯವರ ಕರುಳಿಗೆ ತಿಳಿಯದೇ ಹೋಗುವ ಸಣ್ಣ ಒತ್ತಡವೂ ನನ್ನ ಕರುಳಿಗೆ ನೋವಾಗಿ ತಿಳಿಯುತ್ತದೆ. ಕೆಲವರಲ್ಲಿ ಸೆರೊಟೋನಿನ್ ಹೀರಿಕೊಳ್ಳುವ ಕೆಲಸ ನಿಧಾನವಾಗಿ, ಸುದ್ದಿ ಮುಗಿಯಬೇಕಾದ ಹೊತ್ತಿಗೆ ಮುಗಿಯುವುದಿಲ್ಲ. ನಿಮ್ಮದೂ ಅಂಥದ್ದೇ ಇರಬಹುದು ಎಂದರು. 'ಇರಬಹುದು' ಎಂದದ್ದು ನನಗೆ ಹಿಡಿಸಿತು. ರಾತ್ರಿ ಅರ್ಧ ಮಾತ್ರೆ ತೆಗೆದುಕೊಳ್ಳಲು ಬರೆದುಕೊಟ್ಟರು. ಅದೇ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಮನಸ್ಸಿನ ಖಿನ್ನತೆಗೂ ಕೊಡುತ್ತಾರೆ, ಅರ್ಧ ಮಾತ್ರೆ ಮಾತ್ರ ಹೊಟ್ಟೆಯ ನರಗಳನ್ನು ತಣ್ಣಗೆ ಮಾಡುವುದಕ್ಕೆ, ಹೆದರಬೇಡಿ ಎಂದರು. ನಾನು ಹೆದರಲಿಲ್ಲ. ಹೆದರುವ ಸರದಿ ಅವ್ವನದಾಗಿತ್ತು.

ಮನೆ ಚಳ್ಳಕೆರೆಯಲ್ಲಿ. ಅಲ್ಲಿಂದ ಮೊಳಕಾಲ್ಮೂರಿಗೆ ಸರ್ಕಾರಿ ಬಸ್ಸು ಬೇಗ ಹೋಗುತ್ತದೆ, ಆದರೆ ನಿಲ್ಲುವ ಕಡೆ ಮಾತ್ರ ನಿಲ್ಲುತ್ತದೆ. ಪ್ರೈವೇಟ್ ಬಸ್ಸು ಹಳ್ಳಿಗಳನ್ನೆಲ್ಲ ಸುತ್ತಿಕೊಂಡು, ಕೈ ತೋರಿಸಿದಲ್ಲೆಲ್ಲ ನಿಂತು, ಕುರಿಮರಿಗೂ ಜಾಗ ಮಾಡಿಕೊಟ್ಟು ಹೋಗುತ್ತದೆ. ನಾನು ಪ್ರೈವೇಟ್ ಬಸ್ಸಿನ ಗಿರಾಕಿ. ಸಹೋದ್ಯೋಗಿಗಳು ಇದನ್ನು ಸರಳತೆ ಎಂದುಕೊಂಡಿದ್ದರು.

ಮುಂಗಾರಿಗೆ ಮುಂಚಿನ ಒಂದು ಬೆಳಿಗ್ಗೆ, ದಾರಿಯ ಕೊಂಡ್ಲಹಳ್ಳಿ ಬರುವ ಹೊತ್ತಿಗೆ ನನ್ನ ಹಳದಿ ಸೀಮೆಸುಣ್ಣದ ಕೋಶಗಳು ಕೆಲಸ ಶುರು ಮಾಡಿದ್ದವು. ಬಸ್ಸು ನಿಲ್ಲಿಸಿ ಇಳಿದೆ. ಕಣ್ಣಿಗೆ ಬಿದ್ದ ಮೊದಲ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಮೊರದ ತುಂಬ ಬಿತ್ತನೆ ಶೇಂಗಾ ಸುಲಿಯುತ್ತ ಕೂತಿದ್ದರು.

"ಅಜ್ಜಿ, ಸ್ವಲ್ಪ ನೀರು..." ಎಂದೆ.

ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿದರು. "ನೀರು ಕುಡಿಯೋ ಮಕ ಅಲ್ಲಮ್ಮಣ್ಣಿ ಇದು," ಎಂದು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. "ಹಿತ್ಲಾಗೈತೆ. ಓಡು."

ಹಿತ್ತಿಲಲ್ಲಿ ಹುಲ್ಲಿನ ಬಣವೆಯ ಪಕ್ಕ ಹೊಳೆಯುವ ಹೊಸ ಕೋಣೆ. ಒಳಗೆ ನೆಲದಿಂದ ಮಾಡಿನವರೆಗೆ ಗುಲಾಬಿ ಹೂವಿನ ಟೈಲ್ಸು. ಸಿಮೆಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ನನ್ನ ಜೀವನದಲ್ಲಿ ನಾನು ಅಷ್ಟು ಸುಂದರವಾದ ಜಾಗವನ್ನು ಅಷ್ಟು ಕೃತಜ್ಞತೆಯಿಂದ ನೋಡಿದ್ದಿಲ್ಲ.

ಹೊರಗೆ ಬಂದಾಗ ಅಜ್ಜಿ ಹೇಳಿದರು: ರಾಯದುರ್ಗದ ಲಾರಿ ಆಫೀಸಿನಲ್ಲಿರುವ ಮೊಮ್ಮಗ ಮುಂದೆ ಬರಲಿರುವ ಹೆಂಡತಿಗೆಂದು ಅದನ್ನು ಕಟ್ಟಿಸಿದ್ದಾನೆ. ಹೆಣ್ಣು ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಯಾರೂ ಬಳಸಿ ಹಳೆಯದು ಮಾಡಬಾರದೆಂದು ಅಜ್ಜಿ ಬೀಗ ಹಾಕಿಟ್ಟಿದ್ದರು. ಅವರು ಕೂಡ ಹಳೆಯದಕ್ಕೇ ಹೋಗುತ್ತಿದ್ದರಂತೆ.

"ಅಯ್ಯೋ, ನಾನು..." ಎಂದೆ.

"ಇರ್ಲಿ ತಲ್ಲಿ. ಆಪತ್ತಿಗಾಗದ್ದು ಯಾತಕ್ಕೆ? ಕೂರ್ಚೋ." ಅಜ್ಜಿಯ ಕನ್ನಡದೊಳಗೆ ತೆಲುಗು, ಅನ್ನದೊಳಗೆ ಶೇಂಗಾ ಸಿಗುವ ಹಾಗೆ ಆಗಾಗ ಹಲ್ಲಿಗೆ ಸಿಗುತ್ತಿತ್ತು. "ಹೆಣ್ಮಗಳು ಮನೆಗೆ ಬಂದು ಬರೀ ಹಣೇಲಿ ಹೋಗಬಾರ್ದು."

ಹಣೆಗೆ ಕುಂಕುಮ ಇಟ್ಟರು. ಕೆನ್ನೆಗೆ ಅರಿಶಿನ ಹಚ್ಚಿದರು. ಹಿತ್ತಿಲ ಕನಕಾಂಬರದ ಮಾಲೆಯೊಂದನ್ನು ಮುಡಿಸಿದರು. ಎಲೆ, ಅಡಿಕೆ, ಬಾಳೆಹಣ್ಣು ಕೈಗಿಟ್ಟರು. ನಾನು ಬಂದದ್ದು ಯಾತಕ್ಕೆ, ಆಗುತ್ತಿರುವುದೇನು ಎಂದು ಯೋಚಿಸಿ ಬಿಗಿಯಾಗಿ ನಿಂತೆ. ಮುಂದಿನ ಬಸ್ಸು ಹತ್ತಿ ಕಾಲೇಜಿಗೆ ಹೋದಾಗ ಪ್ರಾಂಶುಪಾಲರು "ಏನಮ್ಮಾ, ಹಬ್ಬವೇ?" ಎಂದರು. "ಹೌದು ಸರ್" ಎಂದೆ.

ಆಮೇಲೆ ಇದು ರೂಢಿಯಾಯಿತು. ಒಂದೊಂದು ವಾರ ಒಂದು ಸಲವೂ ಇಲ್ಲ, ಒಂದೊಂದು ವಾರ ದಿನ ಬಿಟ್ಟು ದಿನ. ಪ್ರತಿ ಸಲವೂ ಬೀಗದ ಕೈ, ಗುಲಾಬಿ ಟೈಲ್ಸು, ಕುಂಕುಮ, ಹೂವು. ಬೇಡ ಎಂದರೆ ಅಜ್ಜಿಗೆ ಬೇಜಾರು. ಕುಂಕುಮವನ್ನು ಬಸ್ಸಿನಲ್ಲಿ ಒರೆಸಿಕೊಳ್ಳೋಣವೆಂದರೆ ನನಗೇ ಬೇಜಾರು. ಶ್ರಾವಣದ ಒಂದು ಶುಕ್ರವಾರ ಅಜ್ಜಿ ಹಸಿರು ರವಿಕೆ ಕಣವನ್ನೂ ಮಡಿಲಿಗೆ ಹಾಕಿದರು. ಶೌಚಾಲಯ ಬಳಸಿದ್ದಕ್ಕೆ ಬಾಗಿನ ಪಡೆದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಆ ಕಣವನ್ನು ಅವ್ವ ನೋಡಿದಳು.

ನಮ್ಮ ಕಡೆ ಮದುವೆ ಗಟ್ಟಿಯಾದರೆ ಮೊದಲು ಹೂ ಮುಡಿಸುವ ಶಾಸ್ತ್ರ ಮಾಡುತ್ತಾರೆ. ಗಂಡಿನ ಕಡೆಯ ಹಿರಿಯ ಹೆಂಗಸು ಹುಡುಗಿಗೆ ಹೂವು ಮುಡಿಸಿ, ಕುಂಕುಮವಿಟ್ಟು, ಕಣ ಕೊಟ್ಟರೆ ಆಯಿತು, ಹುಡುಗಿ ಆ ಮನೆಯವಳು. ಇದು ನನಗೂ ಗೊತ್ತಿತ್ತು. ಆದರೆ ಗಡಿಬಿಡಿಯಲ್ಲಿ ಬಸ್ಸಿಳಿದು ಓಡುವಾಗ ಯಾರಿಗೆ ಶಾಸ್ತ್ರಗಳ ನೆನಪಾಗುತ್ತದೆ?

ಅವ್ವ ತಕ್ಷಣ ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ತಕ್ಷಣ ಕೇಳುವುದಿಲ್ಲ. ನನ್ನ ಬ್ಯಾಗಿನಲ್ಲಿ ಇನ್ನೇನಿದೆ ನೋಡಿದಳು. ಮಾತ್ರೆಯ ಪಟ್ಟಿ ಸಿಕ್ಕಿತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಾರ್ಕೆಟ್ಟಿನ ಮೆಡಿಕಲ್ ಸ್ಟೋರಿನ ಚಾಚಾ ಹತ್ತಿರ ಹೋದಳು. ಅವರು ನಮ್ಮನ್ನು ಚಿಕ್ಕಂದಿನಿಂದ ಬಲ್ಲವರು. ಅದಕ್ಕೇ ನಾನು ಮಾತ್ರೆಯನ್ನು ಬೇರೆ ಅಂಗಡಿಯಲ್ಲಿ ತಂದಿದ್ದೆ.

"ಇದು ಯಾಕೆ ತಗೊಂತಾರೆ ಚಾಚಾ?"

"ಇದಾ ಬೆಹನ್, ನಿದ್ದೆ ಬರ್ದೇ ಇರೋರು, ದಿಲ್ ಭಾರಿ ಆಗಿರೋರು ತಗೊಂತಾರೆ. ಬೇರೇದಕ್ಕೂ ಕೊಡ್ತಾರೆ. ಬರ್ದಿರೋ ಡಾಕ್ಟ್ರನ್ನೇ ಪೂಛೋ."

ಅವ್ವ ಮೊದಲರ್ಧವನ್ನು ಮಾತ್ರ ಮನೆಗೆ ತಂದಳು. ಮಗಳಿಗೆ ಯಾರೋ ಹೂ ಮುಡಿಸಿದ್ದಾರೆ, ಮಗಳ ದಿಲ್ ಭಾರಿ ಆಗಿದೆ. ಉಳಿದದ್ದನ್ನು ಮೊಬೈಲಿನಲ್ಲಿ ನೋಡಿಕೊಂಡಳು. ಅಲ್ಲಿ ಟೈ ಕಟ್ಟಿದ ಒಬ್ಬರು ಸೆರೊಟೋನಿನ್ ಎಂದರೆ ಸಂತೋಷದ ಹಾರ್ಮೋನು, ಅದು ಕಡಿಮೆಯಾದರೆ ಮನುಷ್ಯ ಮಂಕಾಗುತ್ತಾನೆ ಎಂದು ಕೈ ಆಡಿಸಿ ಹೇಳುತ್ತಿದ್ದರು. ಕರುಳಿನಲ್ಲಿ ತಯಾರಾಗುವ ಸೆರೊಟೋನಿನ್ ಮಿದುಳಿಗೆ ದಾಟುವುದಿಲ್ಲ, ಎರಡರ ಕೆಲಸ ಬೇರೆ ಬೇರೆ ಎಂಬುದನ್ನು ಅವರು ಹೇಳಲಿಲ್ಲ. ಅವರಿಗೆ ಸಮಯ ಕಡಿಮೆ ಇತ್ತು.

ಮರುದಿನದಿಂದ ನನ್ನನ್ನು ಸಂತೋಷಪಡಿಸುವ ಕಾರ್ಯಕ್ರಮ ಶುರುವಾಯಿತು. ಚಿಕ್ಕಂದಿನಲ್ಲಿ ನನಗೆ ಮಂಡಕ್ಕಿ ಮೆಣಸಿನಕಾಯಿ ಎಂದರೆ ಪ್ರಾಣ. ಸಂಜೆ ಬಸ್ಸಿಳಿದು ಬಂದರೆ ಮಂಡಕ್ಕಿಯ ರಾಶಿ, ಮೇಲೆ ಎಣ್ಣೆ ಸೋರುವ ಮೆಣಸಿನಕಾಯಿ ಬಜ್ಜಿ ಸಿದ್ಧವಾಗಿರುತ್ತಿತ್ತು. ಟೀವಿಯಲ್ಲಿ ಹಾಸ್ಯ ದೃಶ್ಯಗಳು. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವವರು. ದಿನವಿಡೀ ಯಂತ್ರದ ಸದ್ದಿನಲ್ಲಿದ್ದು ಮನೆಯಲ್ಲಿ ಮಾತೇ ಆಡದವರು ನನ್ನೆದುರು ಕೂತು, "ಒಬ್ಬ ಗುಂಡ ಇದ್ನಂತೆ" ಎಂದು ಶುರು ಮಾಡಿ, ಮುಂದಿನದು ಮರೆತು, ಅವ್ವನ ಕಡೆ ನೋಡುತ್ತಿದ್ದರು.

"ನಗ್ತಿಲ್ಲ ನೋಡ್ರಿ," ಎನ್ನುತ್ತಿದ್ದಳು ಅವ್ವ, ನಾನು ಅಲ್ಲಿ ಇಲ್ಲವೇನೋ ಎಂಬಂತೆ.

ನಗು ಬರುವುದಾದರೂ ಹೇಗೆ? ಕಾರ, ಎಣ್ಣೆ, ಕಡಲೆಹಿಟ್ಟು ಈ ಮೂರೂ ಒಟ್ಟಿಗೆ ನನ್ನ ಕರುಳಿನ ಗೋಡೆ ಒತ್ತಿದರೆ ಆಗುವುದು ಸಂತೋಷವಲ್ಲ. ರಾತ್ರಿ ಮುಖ ಬಿಳಿಚಿಕೊಳ್ಳುತ್ತಿತ್ತು. ಬಿಳಿಚಿದ ಮುಖ ಕಂಡು ಮರುದಿನ ಅವ್ವ ಇನ್ನೆರಡು ಬಜ್ಜಿ ಹೆಚ್ಚು ಹಾಕುತ್ತಿದ್ದಳು. ತಿನ್ನದಿದ್ದರೆ "ಊಟ ಬಿಟ್ಟಾಳೆ" ಎಂದು ಮೊಳಕಾಲ್ಮೂರಿನ ಅತ್ತೆಗೆ ಫೋನು ಹೋಗುತ್ತಿತ್ತು. ತಿಂದರೆ ಮರುದಿನ ಬೆಳಿಗ್ಗೆ ನಾನು ಕೊಂಡ್ಲಹಳ್ಳಿಯಲ್ಲಿ ಇಳಿಯುತ್ತಿದ್ದೆ, ಸಂಜೆ ಕನಕಾಂಬರ ಮುಡಿದು ಮನೆಗೆ ಬರುತ್ತಿದ್ದೆ.

ಒಂದು ಭಾನುವಾರ ಅವ್ವ ಈಳಿಗೆಮಣೆಯ ಮುಂದೆ ಕೂತೇ ಕೇಳಿದಳು.

"ಯಾವ್ದು ಆ ಮನೆ?"

"ಯಾವ ಮನೆ?"

"ಹೂ ಮುಡಿಸ್ತಾರಲ್ಲ, ಆ ಮನೆ. ನಂಗೇನು ಕಣ್ಣಿಲ್ವಾ? ಕಣನೂ ಕೊಟ್ಟಾರೆ. ಹೆತ್ತೋಳಿಗೆ ಒಂದು ಮಾತಿಲ್ಲ."

ಆಗ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂತು. ಆದರೆ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿರುವ ತಾಯಿಯ ಮುಂದೆ ಆ ಪದ ಹೊರಬರಲಿಲ್ಲ.

"ಅಂಥದ್ದೇನಿಲ್ಲ ಅವ್ವ. ಯಾರೋ ಅಜ್ಜಿ, ಒಳ್ಳೇವ್ರು."

"ಒಳ್ಳೇವ್ರೇ ಇರ್ತಾರೆ. ಹುಡುಗನ ಕಡೆಯೋರು ಮೊದ್ಲು ಒಳ್ಳೇವ್ರೇ ಇರ್ತಾರೆ." ಅವ್ವ ಬದನೆಕಾಯಿಯನ್ನು ನೀರಿಗೆ ಹಾಕಿದಳು. "ನೋಡು, ನಿಂಗೆ ಆ ಕೆಲ್ಸದಿಂದ ದುಃಖನೇ ಆಗೈತೆ. ದಸರಾ ರಜೆ ಆದ್ಮೇಲೆ ಹೋಗೋದು ಬೇಡ. ಮನೇಲಿರು. ಚಳ್ಳಕೆರೇಲಿ ಕಾಲೇಜಿಲ್ವಾ? ಸಿಕ್ಕಾಗ ಸೇರುವಂತೆ."

ಕೆಲಸ ಬಿಡುವುದೆಂದರೆ ನನಗೆ ಜೀವ ಹೋದಂತೆ. ಮಾತು ಬಾರದ ನಾನು ಮಾತಾಡುವ ಒಂದೇ ಜಾಗ ಆ ತರಗತಿ. ಅಲ್ಲಿ ಹುಡುಗಿಯರು ಕಪ್ಪೆಯ ಹೃದಯ ನೋಡಿ "ಮೇಡಂ, ಇನ್ನೂ ಬಡಿತೈತೆ!" ಎಂದು ಕೂಗುತ್ತಾರೆ. ಅದನ್ನು ಬಿಡುವುದಿಲ್ಲ ಎಂದೆ. ಅವ್ವ ಮಾತು ಬದಲಿಸಿ ಒಗ್ಗರಣೆಗೆ ಎಣ್ಣೆ ಇಟ್ಟಳು. ಅವಳು ಅಷ್ಟು ಸುಲಭಕ್ಕೆ ಮಾತು ಬದಲಿಸಿದಾಗ ನನಗೆ ಎಚ್ಚರವಿರಬೇಕಿತ್ತು.

ಅವಳು ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನನ್ನು ವಿಚಾರಿಸಿದ್ದಳು. "ಕಾಲೇಜ್ ಮೇಡಮ್ಮೋರಾ? ಒಂದೊಂದಿನ ಕೊಂಡ್ಲಹಳ್ಳೀಲಿ ಇಳ್ಕೊಂತಾರೆ. ಹಿಂದಿನ ಬಸ್ಸಿಗೆ ಮುಂದಕ್ಕೋಗ್ತಾರೆ," ಎಂದಿದ್ದ ಆತ. ಮುಂದಿನ ಸೋಮವಾರ ಅವ್ವ ನನಗಿಂತ ಮುಂಚಿನ ಬಸ್ಸು ಹತ್ತಿದಳು, "ದೇವಸ್ಥಾನಕ್ಕೆ" ಎಂದು ಹೇಳಿ. ಆ ಕಡೆಯಿಂದ ಅತ್ತೆಯನ್ನೂ ಕರೆಸಿಕೊಂಡಿದ್ದಳು. ಅತ್ತೆ ಎಂದರೆ ಅಪ್ಪನ ಅಕ್ಕ, ರೇಷ್ಮೆ ಸೀರೆ ನೇಯುವ ಮನೆಯ ಹಿರಿಸೊಸೆ, ಬಾಯಿ ಜೋರು. ಇಬ್ಬರೂ ಕೊಂಡ್ಲಹಳ್ಳಿಯ ಬಸ್ ಸ್ಟಾಪಿನ ಚಹಾದಂಗಡಿಯ ಹಿಂದೆ ಕೂತು ಕಾದರು.

ಹಿಂದಿನ ಸಂಜೆ ಬಜ್ಜಿ ತಿಂದಿದ್ದೆ. ಹಾಗಾಗಿ ಅವರು ಕಾದದ್ದು ವ್ಯರ್ಥವಾಗಲಿಲ್ಲ.

ಬಸ್ಸಿಳಿದು ಓಡಿದೆ. ಆಮೇಲೆ ಅತ್ತೆ ಈ ಓಟವನ್ನು ನೆಂಟರ ಮನೆಗಳಲ್ಲೆಲ್ಲ ಬಣ್ಣಿಸಿದ್ದಾರೆ: "ಸೆರಗಿಲ್ಲ, ಚಪ್ಲಿ ಇಲ್ಲ, ಕುದುರೆ ಓಡ್ದಂಗೆ ಓಡಿದ್ಳು. ಇಷ್ಟು ಆಸೆ ಐತಾ ಈ ಮೂಗಿ ಹುಡ್ಗಿಗೆ, ಅಂತ ನಂಗೆ ಎದೆ ಧಸಕ್ ಅಂತು." ಚಪ್ಪಲಿ ಇತ್ತು. ನಾನು ತೊಟ್ಟಿದ್ದು ಚೂಡಿದಾರ.

ಜಗಲಿಯಲ್ಲಿ ಅಜ್ಜಿ ಮಾತಿಲ್ಲದೆ ಬೀಗದ ಕೈ ಚಾಚಿದರು. ಒಳಗೆ ಹೋಗಿ ಅಗುಳಿ ಹಾಕಿ ಇನ್ನೂ ಉಸಿರು ಬಿಟ್ಟಿರಲಿಲ್ಲ, ಗವಾಕ್ಷಿಯಿಂದ ಅವ್ವನ ದನಿ ಕೇಳಿಸಿತು. ಅವಳೂ ಅತ್ತೆಯೂ ನನ್ನ ಬೆನ್ನಿಗೇ, ಅಜ್ಜಿಯೊಡನೆ ಹಿತ್ತಿಲಿಗೆ ಬಂದಿದ್ದರು.

"ಈಗ ಒಳಗೆ ಹೋದ್ಳಲ್ಲ, ಅವಳು ನನ್ನ ಮಗಳು."

ಕರುಳಿಗೂ ಮಿದುಳಿಗೂ ನಡುವೆ ನೇರ ನರಗಳಿವೆ, ಗಾಬರಿಯಾದರೆ ಕರುಳು ತಕ್ಷಣ ಪ್ರತಿಕ್ರಿಯಿಸುತ್ತದೆ ಎಂದು ನಾನು ತರಗತಿಯಲ್ಲಿ ಉದಾಹರಣೆ ಸಹಿತ ಹೇಳುತ್ತೇನೆ. ಅಂದು ಉದಾಹರಣೆ ನಾನೇ. ಹೊರಬರಲು ಸಾಧ್ಯವೇ ಇರಲಿಲ್ಲ.

"ಓ, ರಾಂಡಮ್ಮಾ ರಾಂಡಿ!" ಎಂದು ತೆಲುಗಿನಲ್ಲಿ ಬರಮಾಡಿಕೊಂಡರು ಅಜ್ಜಿ. "ಕೂತ್ಕೊಳ್ರಿ. ಬಂಗಾರದಂಥ ಹುಡ್ಗಿ. ಬಾಯಿಲ್ಲ, ಒಂದು ಮಾತಿಲ್ಲ."

"ಎಷ್ಟು ದಿನದಿಂದ ಬರ್ತಾಳೆ?" ಇದು ಅತ್ತೆ.

"ಮುಂಗಾರಿಗೆ ಮುಂಚಿಂದ."

"ನೀವು ಹೂ ಮುಡ್ಸಿದ್ದು ಹೌದಾ?"

"ಮುಡಿಸ್ದೇ ಇರ್ತೀನಾ? ನಮ್ಮನೇಲಿ ಹಂಗೆಲ್ಲ ಇಲ್ಲಮ್ಮಾ."

"ಹುಡುಗ ಎಲ್ಲಿ?"

ಅಜ್ಜಿ ಸೆರಗು ಸರಿಪಡಿಸಿಕೊಂಡ ಬಳೆಯ ಸದ್ದಾಯಿತು. ಆ ಸದ್ದಿನಲ್ಲೇ ಅವರಿಗೆ ಏನೋ ಹೊಳೆಯಿತೆಂದು ಗೋಡೆಯ ಈಚೆಗಿದ್ದ ನನಗೂ ತಿಳಿಯಿತು. ಎರಡು ಹೆಂಗಸರು ಬೆಳಿಗ್ಗೆಯೇ ಒಳ್ಳೆಯ ಸೀರೆಯುಟ್ಟು ಬಂದು ಮೊಮ್ಮಗನನ್ನು ವಿಚಾರಿಸುತ್ತಿದ್ದಾರೆ.

"ರಾಯದುರ್ಗದಾಗವ್ನೆ," ಎಂದರು, ದನಿಯಲ್ಲಿ ಬೆಲ್ಲ ಬೆರೆಸಿ. "ಲಾರಿ ಆಫೀಸು. ಕುಡಿಯಲ್ಲ, ಬೀಡಿ ಸೇದಲ್ಲ. ಒಂದೂವರೆ ಎಕ್ರೆ ಬೋರಿನ ಹೊಲ. ಬರೋ ಹೆಂಡ್ತಿಗೆ ಅಂತಾನೇ ಆ ರೂಮು ಕಟ್ಸವ್ನೆ, ಗುಲಾಬಿ ಟೈಲ್ಸು. ನಾನೂ ಕಾಲಿಟ್ಟಿಲ್ಲ ನೋಡ್ರಿ. ಮೊದ್ಲು ಕಾಲಿಟ್ಟಿದ್ದು ನಿಮ್ಮ ಹುಡ್ಗೀನೇ. ಋಣಾನುಬಂಧ ಅಂದ್ರೆ ಇದೇ ಅಲ್ವಾ?"

"ನಾವು ಕೇಳ್ಕೊಂಡು ಬಂದಿಲ್ಲ ಅಜ್ಜಿ," ಎಂದಳು ಅವ್ವ. ಆದರೆ ದನಿಯ ಬಿಸಿ ಇಳಿದಿತ್ತು. "ಹುಡುಗಂದು ಓದು ಎಲ್ಲಿವರೆಗೆ?"

"ಅವ್ವ!" ಎಂದೆ ಒಳಗಿಂದ.

ಯಾರಿಗೂ ಕೇಳಿಸಲಿಲ್ಲ. ಅತ್ತೆ ಗೋತ್ರ ವಿಚಾರಿಸುತ್ತಿದ್ದರು. ಅಜ್ಜಿ ತಮ್ಮ ಕುಲದ ಬೆಡಗು ಯಾವುದೆಂದು ಹೇಳಿದರು. "ಅಯ್ಯೋ, ನಮ್ಗೆ ಆಗ್ತೈತೆ!" ಎಂದು ಅತ್ತೆಯ ಸಂಭ್ರಮ. ಚಹಾ ಲೋಟಗಳ ಸದ್ದು. ಕಾರ್ತಿಕದಲ್ಲಿ ಮುಹೂರ್ತಗಳು ಒಳ್ಳೆಯವಿವೆ ಎಂಬ ಮಾತು. ನಾನು ಸುತ್ತಲಿನ ಗುಲಾಬಿಗಳನ್ನು ನೋಡಿದೆ. ಇನ್ನು ಸ್ವಲ್ಪ ಹೊತ್ತು ಒಳಗೇ ಕೂತರೆ ಹೊರಗೆ ಬರುವಾಗ ಇದು ನನ್ನ ಸ್ವಂತ ಬಚ್ಚಲಾಗಿರುತ್ತದೆ, ತರಗತಿ ಇನ್ಯಾರದೋ ಆಗಿರುತ್ತದೆ ಎಂದು ಖಚಿತವಾಯಿತು.

"ಅವ್ವಾ! ನಂಗೆ ಭೇದಿ!" ಎಂದು ಕೂಗಿದೆ.

ಅಷ್ಟು ಜೋರಾಗಿ ನಾನು ಈ ಮೊದಲು ಯಾವುದನ್ನೂ ಹೇಳಿದ್ದಿಲ್ಲ. ಬಣವೆಯ ಮೇಲಿದ್ದ ಗುಬ್ಬಿಗಳು ಹಾರಿಹೋದವು. ಹೊರಗೆ ಲೋಟದ ಸದ್ದು ನಿಂತಿತು.

"ಏನಂದೆ?" ಅವ್ವ ಬಾಗಿಲ ಬಳಿ ಬಂದಿದ್ದಳು.

"ಎರಡು ವರ್ಷದಿಂದ. ಬಸ್ಸಲ್ಲಿ ಹೊಟ್ಟೆ ಹಿಂಡುತ್ತೆ, ತಡ್ಕೊಳ್ಳೋಕಾಗಲ್ಲ. ಅದಕ್ಕೇ ಇಲ್ಲಿ ಇಳೀತೀನಿ. ಹುಡುಗನ್ನ ನಾನು ನೋಡೇ ಇಲ್ಲ. ಮಾತ್ರೆನೂ ಅದಕ್ಕೇ."

"ಸುಳ್ಳು ಹೇಳ್ಬೇಡ. ಮಾತ್ರೆ ದುಃಖಕ್ಕೆ. ಸಿರಟೋನಿ ಕಮ್ಮಿ ಆದೋರಿಗೆ ಕೊಡ್ತಾರೆ. ನಂಗೊತ್ತು."

ಕಬ್ಬಿಣದ ಬಾಗಿಲಿಗೆ ಮುಖವಿಟ್ಟು ನಾನು ಪಾಠ ಶುರು ಮಾಡಿದೆ. ಬೇರೆ ದಾರಿ ಇರಲಿಲ್ಲ. "ಅವ್ವ, ಸೆರೊಟೋನಿನ್ ಜಾಸ್ತಿ ಇರೋದೇ ಹೊಟ್ಟೇಲಿ. ಬಸ್ಸಿನ ಕಂಡಕ್ಟ್ರು ಸೀಟಿ ಊದ್ತಾನಲ್ಲ, ಹಂಗೆ ಅದು. ಊಟ ಬಂತು, ತಳ್ರಿ ಅಂತ ಊದುತ್ತೆ. ಕರುಳು ತಳ್ಳುತ್ತೆ. ಆಮೇಲೆ ಸೀಟಿ ನಿಲ್ಬೇಕು. ನಂದ್ರಲ್ಲಿ ಕಂಡಕ್ಟ್ರು ಸೀಟೀನ ಬಾಯಿಂದ ತೆಗೆಯಲ್ಲ. ಊದ್ತಾನೇ ಇರ್ತಾನೆ."

"ಯಾಕ್ ತೆಗೆಯಲ್ಲ?" ಇದು ಅತ್ತೆ. ಅವರೂ ಬಾಗಿಲಿಗೆ ಬಂದಿದ್ದರು.

"ಊದಿದ್ದನ್ನ ಹೀರ್ಕೊಳ್ಳೋರು ನಿಧಾನ. ಹಂಗಂತ ಡಾಕ್ಟ್ರ ಅಂದಾಜು. ನರಗಳೂ ಸೂಕ್ಷ್ಮ, ಸಣ್ಣ ಸದ್ದೂ ಅವಕ್ಕೆ ದೊಡ್ಡದಾಗಿ ಕೇಳ್ಸುತ್ತೆ. ಮಾತ್ರೆ ಕೊಡೋದು ಆ ನರ ತಣ್ಣಗಿರ್ಲಿ ಅಂತ."

"ಹಂಗಾದ್ರೆ ದುಃಖ?" ಎಂದಳು ಅವ್ವ.

"ಇಲ್ಲ."

"ಒಂಚೂರೂ ಇಲ್ವಾ?"

"ಬಜ್ಜಿ ತಿಂದ ದಿನ ಇರುತ್ತೆ."

ಹೊರಗೆ ಅತ್ತೆ ನಗಲು ಶುರು ಮಾಡಿದರು. ಮಗ್ಗದ ಲಾಳಿ ಓಡಿದ ಹಾಗೆ ತಡೆಯಿಲ್ಲದ ನಗು. ಅಜ್ಜಿ ಮಾತ್ರ ನಗಲಿಲ್ಲ. "ಹಂಗಂದ್ರೆ ಸಂಬಂಧ ಇಲ್ವಾ?" ಎಂದು ಕೇಳಿದರು. ಆ ದನಿ ಕೇಳಿ ನನಗೆ ನಿಜವಾಗಿಯೂ ಬೇಸರವಾಯಿತು.

ಹೊರಗೆ ಬಂದಾಗ ಅವ್ವ ಎದುರಿಗೇ ನಿಂತಿದ್ದಳು. ನನ್ನ ಮುಖ ನೋಡದೆ ದುಪಟ್ಟಾ ಸರಿಪಡಿಸಿದಳು.

"ಇದನ್ನ ಹೇಳೋಕೆ ಏನು ದಾಡಿ ಆಗಿತ್ತೇ ನಿಂಗೆ? ದಿನಾ ಬಜ್ಜಿ ಕರ್ದು ಹಾಕಿದೀನಲ್ಲೇ!"

"ಹೇಳೋಕಾಗ್ಲಿಲ್ಲ."

"ಹೊಟ್ಟೆ ವಿಷ್ಯ ಅವ್ವಂಗೆ ಹೇಳೋಕಾಗಲ್ವಾ? ಕೂಸಿದ್ದಾಗ ನಿಂದು ತೊಳ್ದಿದ್ದು ಯಾರು, ನಿಮ್ಮ ಪ್ರಾಂಶುಪಾಲ್ರಾ?"

ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಮೊದಲ ಪೀರಿಯಡ್ಡು ತಪ್ಪಿತ್ತು, ಎರಡನೆಯದಕ್ಕೆ ಹೋಗಬಹುದಿತ್ತು. ನಾನು ಅವ್ವನನ್ನು ನೋಡಿದೆ, ಅವಳು ಬಸ್ಸಿನ ದಿಕ್ಕನ್ನು ನೋಡಿದಳು.

"ನಿಂತೇ ಇದೀಯಲ್ಲ. ಪಾಠ ಇಲ್ವಾ?" ಎಂದಳು.

ರಜೆಯ ನಂತರದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಕೆಲಸ ಉಳಿಯಿತು. ಉಳಿಯದೇ ಹೋದದ್ದು ನನ್ನ ಗುಟ್ಟು. ಅಂದು ಅವ್ವ ನನ್ನನ್ನು ಬಸ್ಸು ಹತ್ತಿಸಲು ರಸ್ತೆಯವರೆಗೆ ಬಂದಳು. ಕಂಡಕ್ಟರನಿಗೆ, ಬಸ್ಸಿನಲ್ಲಿ ಕೂತವರೆಲ್ಲರಿಗೂ ಕೇಳುವಂತೆ ಹೇಳಿದಳು:

"ತಮ್ಮಾ, ನಮ್ಮ ಹುಡ್ಗಿಗೆ ಹೊಟ್ಟೆ ಸರಿಯಿರಲ್ಲ. ಎಲ್ಲಿ ನಿಲ್ಸು ಅಂದ್ರೂ ನಿಲ್ಸಪ್ಪ. ಹೊರಗೆ ಬರೋವರ್ಗೂ ಬಸ್ಸು ಬಿಡ್ಬೇಡ."

"ಆಯ್ತಕ್ಕಾ," ಎಂದ ಕಂಡಕ್ಟರ್ ಗಂಭೀರವಾಗಿ. "ನಮ್ಮ ಡ್ರೈವರಂಗೂ ಹಂಗೇ ಐತೆ. ಅವ್ನು ಮುಂದೆ ಹಾನಗಲ್ಲಲ್ಲಿ ನಿಲ್ಸ್ತಾನೆ."

ಈಗ ಆ ಬಸ್ಸಿನಲ್ಲಿ ನನಗೆ ಮುಂದಿನ ಸೀಟು. ನಾನು ಹತ್ತಿದೊಡನೆ ಯಾರಾದರೊಬ್ಬರು "ಇವತ್ತು ಹೆಂಗೈತೆ ಮೇಡಂ?" ಎನ್ನುತ್ತಾರೆ. ದಾಳಿಂಬೆ ಸಿಪ್ಪೆ, ಮೆಂತ್ಯ, ಇಂಗಿನ ಮಜ್ಜಿಗೆ, ಹೊಕ್ಕುಳಿಗೆ ಹರಳೆಣ್ಣೆ ಎಲ್ಲವೂ ಸೂಚಿತವಾಗಿವೆ. ತಳಕಿನಲ್ಲಿ ಹತ್ತುವ ಕುರಿ ವ್ಯಾಪಾರಿಯೊಬ್ಬರು ತಮ್ಮದು ಇದಕ್ಕೆ ತದ್ವಿರುದ್ಧ ತೊಂದರೆ ಎಂದು ಹೇಳಿ, ಅವರ ಸೀಟಿ ಯಾಕೆ ಊದುವುದೇ ಇಲ್ಲ ಎಂದು ವಿವರಣೆ ಕೇಳಿದರು. ಕೊಟ್ಟೆ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ವಿಚಿತ್ರವೆಂದರೆ ಇಳಿಯುವ ದಿನಗಳು ಕಡಿಮೆಯಾಗಿವೆ. ಇಳಿಯಬಹುದು ಎಂದು ಗೊತ್ತಿರುವುದರಿಂದಲೋ, ಮಾತ್ರೆಯಿಂದಲೋ, ಬಜ್ಜಿ ನಿಂತದ್ದರಿಂದಲೋ, ಯಾವುದೆಂದು ಬೇರ್ಪಡಿಸಿ ಹೇಳಲಾರೆ.

ಮೊಳಕಾಲ್ಮೂರಿನಲ್ಲಿ ಇಳಿಯುವ ಹೊತ್ತಿಗೆ ಅವ್ವನ ಫೋನು ಬರುತ್ತದೆ. ಊಟ ಮಾಡಿದೆಯಾ ಎಂದು ಕೇಳುವ ದನಿಯಲ್ಲೇ ಅದನ್ನೂ ಕೇಳುತ್ತಾಳೆ. ಸುತ್ತ ಹುಡುಗಿಯರು "ಗುಡ್ ಮಾರ್ನಿಂಗ್ ಮೇಡಂ" ಎನ್ನುತ್ತಿರುತ್ತಾರೆ. ನಾನು ಅವರಿಗೆ ತಲೆಯಾಡಿಸುತ್ತ, ಫೋನಿನಲ್ಲಿ ಅವ್ವನಿಗೆ ಸ್ಪಷ್ಟವಾಗಿ, ಕನ್ನಡದಲ್ಲಿ, ಆದದ್ದನ್ನು ಆದ ಹಾಗೆ ಹೇಳಿ, ತರಗತಿಗೆ ಹೋಗುತ್ತೇನೆ.